ಹಸಿರು ಬಳೆಗಳ ನಡುವೆ ಒಂದು ಕೆಂಪು ಬಳೆ

ದೆವ್ವ ಬಡಿದಿದೆ ಎಂದು ನನ್ನ ಹತ್ತಿರ ಕರೆತಂದ ಹೆಣ್ಣುಮಕ್ಕಳಿಗೆ ನಾನು ಕಬ್ಬಿಣದ ಗುಳಿಗೆ ಕೊಟ್ಟು ಕಳಿಸುತ್ತಿದ್ದೆ. ಹೆಚ್ಚಿನ ದೆವ್ವಗಳು ಆ ಗುಳಿಗೆಗೇ ಬಿಟ್ಟು ಹೋಗುತ್ತಿದ್ದವು. ಹೋಗದೆ ಉಳಿದವಕ್ಕೆ, ಆ ಹೆಣ್ಣುಮಗಳ ಗಂಡನನ್ನು ಕರೆಸಿ ನಾಲ್ಕು ಮಾತು ಬೈದರೆ ಸಾಕಾಗುತ್ತಿತ್ತು. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ನರ್ಸಾಗಿ ಕೆಲಸ ಮಾಡಿದವಳು ನಾನು. ರಕ್ತ ಕಡಿಮೆಯಾದರೆ ಕಣ್ಣಿಗೆ ಕತ್ತಲೆ ಬರುತ್ತದೆ, ಹೊಟ್ಟೆಗಿಲ್ಲದೆ ದುಡಿದರೆ ಕಿವಿಯಲ್ಲಿ ದನಿ ಕೇಳುತ್ತದೆ, ಮನಸ್ಸಿಗೆ ನೋವಾದರೆ ಬಾಯಿ ಏನೇನೋ ಆಡುತ್ತದೆ ಎಂದು ಬಲ್ಲವಳು. ಇಂಥ ನಾನು ಈಗ ಬರೆಯಲು ಹೊರಟಿರುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ.

ತೊಂಬತ್ತರ ದಶಕದ ನಡುವಿನ ಮಾತು. ನಮ್ಮ ಮನೆ ಬೈಲಹೊಂಗಲದಲ್ಲಿ. ಯಜಮಾನರು ಅಲ್ಲಿ ಶಾಲೆಯ ಮಾಸ್ತರರು. ನನಗೆ ಮಾತ್ರ ಸವದತ್ತಿ ತಾಲೂಕಿನ, ರಾಮದುರ್ಗದ ಗಡಿಗೆ ಹತ್ತಿಕೊಂಡ ಒಂದು ಹಳ್ಳಿಗೆ ವರ್ಗವಾಗಿತ್ತು. ವಾರವೆಲ್ಲ ಆ ಹಳ್ಳಿಯ ಸರಕಾರಿ ಖೋಲಿಯಲ್ಲಿದ್ದು, ಶನಿವಾರ ಬಸ್ಸು ಹತ್ತಿ ಮನೆಗೆ ಬರುತ್ತಿದ್ದೆ. ಬಂದ ಮೇಲೂ ವಿಶ್ರಾಂತಿ ಇರಲಿಲ್ಲ. ಓಣಿಯಲ್ಲಿ ಯಾರಿಗೆ ಏನಾದರೂ ನಮ್ಮ ಬಾಗಿಲೇ. ಪಕ್ಕದ ಮನೆಯ ಹುಸೇನಬಿಯಂತೂ ಪ್ರತಿ ಭಾನುವಾರದ ಗಿರಾಕಿ.

ಹುಸೇನಬಿಗೆ ಆಗ ಎಪ್ಪತ್ತು ದಾಟಿತ್ತು. ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಮಾಯುತ್ತಿರಲಿಲ್ಲ. ಮಗ ರಾಜೇಸಾಬ ಟೆಂಪೋ ಓಡಿಸುತ್ತಿದ್ದ, ಸೊಸೆ ಬಜಾರದಲ್ಲಿ ಬಳೆಯಂಗಡಿ ನಡೆಸುತ್ತಿದ್ದಳು. ಹುಸೇನಬಿಯೂ ಬಳೆಯ ಕೆಲಸದಲ್ಲೇ ಮುದುಕಿಯಾದವಳು. ಹರೆಯದಲ್ಲಿ ಬಳೆಯ ಮಲಾರ ಹೆಗಲಿಗೆ ಹಾಕಿಕೊಂಡು ಸವದತ್ತಿ ಸೀಮೆಯ ಊರೂರು ತಿರುಗಿದ್ದಳಂತೆ. ನಾನು ಹುಣ್ಣು ತೊಳೆಯುವಾಗ ಅವಳು ಹಲ್ಲು ಕಚ್ಚಿಕೊಂಡು ಸುಮ್ಮನೆ ಕೂಡುತ್ತಿದ್ದಳು. "ಆಯಿ, ಏನರೆ ಮಾತಾಡ್ರಿ, ನೋವು ಗೊತ್ತಾಗಂಗಿಲ್ಲ" ಎಂದು ಒಮ್ಮೆ ಹೇಳಿದೆ. ಅವಳು ನಕ್ಕಳು.

"ನಮ್ಮ ಕಸಬ ನಮಗ ಕಲಿಸ್ತೀರೇನ್ರಿ ಬಾಯಾರ? ಬಿಗಿ ಬಳಿ ಏರಸೂ ಮುಂದ ಕೈ ಹಿಚಕತೇವಲ್ಲ, ಆ ನೋವಿಗೆ ಹೆಂಗಸರು ಎಲ್ಲಾ ಮಾತಾಡ್ತಾರ. ಗಂಡಗ ಹೇಳಲಾರದ್ದೂ ಹೇಳ್ತಾರ. ಕೇಳಿ ಕೇಳಿ ನನಗ ಬಾಯಿ ಮುಚಗೊಂಡಿರೋದು ರೂಢಿ ಆಗೇತಿ."

ಅದೇ ದಿನ ನನಗೆ ಯಾವ ಊರಿಗೆ ವರ್ಗವಾಗಿದೆ ಎಂದು ಕೇಳಿದಳು. ಹೇಳಿದೆ. ಅವಳ ಮುಖ ಸಪ್ಪಗಾಯಿತು. "ಅಲ್ಲೆ ಗಂಗವ್ವ ಅಂತ ಒಬ್ಬಾಕಿ ಅದಾಳೇನ್ರಿ ಇನ್ನೂ?" ಎಂದಳು. ಇದ್ದಾಳೆ, ಗಟ್ಟಿಮುಟ್ಟಾಗಿದ್ದಾಳೆ ಎಂದೆ. "ಛಲೋ ಆತು. ನನ್ನ ಹೆಸರ ಮಾತ್ರ ಆಕಿ ಮುಂದ ತಗೀಬ್ಯಾಡ್ರಿ" ಎಂದು ಕಾಲು ಎಳೆದುಕೊಂಡಳು.

ತೆಗೆಯಬೇಡ ಎಂದದ್ದನ್ನು ತೆಗೆಯದೆ ಇರುವ ಬಾಯಿಯಲ್ಲ ನನ್ನದು. ಗಂಗವ್ವನ ಮನೆಗೆ ನಾನು ಹೋಗಿಬರುತ್ತಲೇ ಇದ್ದೆ. ಆಕೆ ಮಕ್ಕಳಿಲ್ಲದ ವಿಧವೆ. ಮೈದುನನ ಮಗನ ಸಂಸಾರದ ಜೊತೆ ಇದ್ದಳು. ಆ ಮನೆಯ ಸೊಸೆ ಮಹಾದೇವಿ ಮುಂದೆ ಬಸುರಿಯಾದಾಗಲೂ ನಾನೇ ನೋಡಿಕೊಂಡೆ. ಒಂದು ದಿನ ಚಹಾ ಕುಡಿಯುತ್ತ ಮಾತಿಗೆ ಮಾತು ಬಂದು, ಬೈಲಹೊಂಗಲದಲ್ಲಿ ಹುಸೇನಬಿ ಎಂಬ ಬಳೆಗಾರ ಮುದುಕಿ ನಿಮ್ಮನ್ನು ನೆನೆಸಿದಳು ಎಂದುಬಿಟ್ಟೆ. ಗಂಗವ್ವ ಚಹಾದ ಕಪ್ಪು, ಬಸಿ ಎರಡನ್ನೂ ಕೆಳಗಿಟ್ಟಳು.

"ಬಾಯಾರ, ನೀವು ನಮ್ಮನಿಗೆ ದಿನಾ ಬರ್ರಿ, ಉಂಡ ಹೋಗ್ರಿ. ಆಕಿ ಹೆಸರ ತಗೊಂಡ ಮಾತ್ರ ಬರಬ್ಯಾಡ್ರಿ. ನನ್ನ ಗಂಡನ್ನ ಹಿಡದ ಕೊಟ್ಟ ಫಿತೂರಿ ಆಕಿ."

ಆಮೇಲೆ ಅವಳೇ ಹೇಳಿದಳು. ದೊಡ್ಡ ಯುದ್ಧ ನಡೆದಿದ್ದ ಕಾಲ. ಬ್ರಿಟಿಷರನ್ನು ಓಡಿಸಬೇಕೆಂದು ಹುಡುಗರು ತಂತಿ ಕತ್ತರಿಸಿ, ಚಾವಡಿಗಳಿಗೆ ಬೆಂಕಿ ಹಚ್ಚಿ ತಲೆಮರೆಸಿಕೊಂಡಿದ್ದರು. ಗಂಗವ್ವನ ಗಂಡ ಬಸಪ್ಪ ಅವರಲ್ಲೊಬ್ಬ. ಹೊಳೆಯ ಆಚೆ ದಂಡೆ ಸಂಸ್ಥಾನದ ಸೀಮೆ, ಈಚೆಯ ಪೊಲೀಸರು ಅಲ್ಲಿ ಸಲೀಸಾಗಿ ಕಾಲಿಡುವಂತಿರಲಿಲ್ಲ. ಹುಡುಗರು ತೊರಗಲ್ಲಿನ ಕಡೆ ಗುಡ್ಡದಲ್ಲಿ ಅಡಗಿದ್ದು, ಈಚೆ ಕಡೆ ಪೊಲೀಸರ ಗದ್ದಲ ಇಲ್ಲದ ದಿನ ಹೊಳೆ ದಾಟಿ ಬಂದು ಮನೆಯಲ್ಲಿ ಉಂಡು ಹೋಗುತ್ತಿದ್ದರು. ಪೊಲೀಸರು ಯಾವ ದಿನ ಯಾವ ಊರಿಗೆ ಬರುತ್ತಾರೆಂಬ ಸುದ್ದಿ ತರುತ್ತಿದ್ದವಳು ಹುಸೇನಬಿ. ಸವದತ್ತಿಯ ಫೌಜದಾರನ ಮನೆಯೊಳಗೆ ಹೋಗಿ ಅವನ ಹೆಂಡತಿಗೆ ಬಳೆ ಇಡುವವಳು ಅವಳೇ ತಾನೆ? ನಾಳೆ ಎಷ್ಟು ಮಂದಿಗೆ ಬುತ್ತಿ ಕಟ್ಟಬೇಕೆಂದು ಆ ಹೆಂಡತಿ ಗೊಣಗಿದರೆ, ಎಷ್ಟು ಮಂದಿ ಪೊಲೀಸರು ಎಷ್ಟು ದೂರ ಹೊರಟಿದ್ದಾರೆ ಎಂಬುದು ಹುಸೇನಬಿಗೆ ತಿಳಿಯುತ್ತಿತ್ತು. ಆ ಸುದ್ದಿ ಹೇಗೋ ಗಂಗವ್ವನಿಗೆ ಮುಟ್ಟುತ್ತಿತ್ತು. ಹೇಗೆ ಎಂಬುದನ್ನು ಅವಳು ಆ ದಿನ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಒಂದು ವರ್ಷ ನಾಗರ ಪಂಚಮಿಗೆ ಮೊದಲು ಸುದ್ದಿ ಬರಲಿಲ್ಲ. ಸುದ್ದಿ ಇಲ್ಲವೆಂದರೆ ಭಯವಿಲ್ಲ ಎಂದರ್ಥ. ಗಂಗವ್ವ ಗಂಡನಿಗೆ ಬಾ ಎಂದು ಹೇಳಿಕಳಿಸಿದಳು. ಅವನು ಬಂದು ಉಂಡಿ ತಿನ್ನುತ್ತ ಕುಳಿತಿದ್ದಾಗ ಪೊಲೀಸರು ಮನೆ ಸುತ್ತುವರಿದರು. ಜೈಲಿಗೆ ಹೋದವನು ಹೆಣವಾಗಿಯೂ ಬರಲಿಲ್ಲ. ಅಲ್ಲೇ ಜಡ್ಡಾಗಿ ಸತ್ತನೆಂಬ ಸುದ್ದಿ ಕೆಲವೇ ದಿನಗಳಲ್ಲಿ ಬಂತು. ಗಂಗವ್ವನ ಬಳೆ ಒಡೆದರು. ಫೌಜದಾರನ ಮನೆಗೆ ಹೋಗಿಬರುವ ಹುಸೇನಬಿ ಎರಡೂ ಕಡೆ ಉಂಡಳು ಎಂದು ಊರೆಲ್ಲ ಮಾತಾಯಿತು. ಆ ಮಾತು ಸುತ್ತಲಿನ ಊರುಗಳಿಗೂ ಹಬ್ಬಿ, ಯಾರೂ ಅವಳ ಮುಂದೆ ಕೈ ಚಾಚದಂತಾಯಿತು. ಅವಳೂ ಗಂಡನೂ ಗಂಟುಮೂಟೆ ಕಟ್ಟಿಕೊಂಡು ಬೈಲಹೊಂಗಲ ಸೇರಿದ್ದು ಹಾಗೆ.

ಮುಂದಿನ ಭಾನುವಾರ ಹುಸೇನಬಿಗೆ, ನಿಮ್ಮ ಹೆಸರು ಹೇಳಿ ಬೈಸಿಕೊಂಡು ಬಂದೆ ಎಂದೆ. ಅವಳು ಸಿಟ್ಟಾಗಲಿಲ್ಲ.

"ನಾ ಸುದ್ದಿ ಕಳಿಸಿದ್ನಿ" ಎಂದಳು.

"ಯಾರ ಕಡೆ ಕಳಿಸಿದ್ರಿ? ಅವರ ಹೆಸರ ಹೇಳಿದ್ರ ಆಗತಿತ್ತಲ್ಲ."

"ಅದನ್ನ ಹೇಳೂದಲ್ಲರಿ. ಒಯ್ಯಾಕಿಗೆ ತಾ ಏನ ಒಯ್ಯಾಕತ್ತೇನಿ ಅನ್ನೂದು ಗೊತ್ತಿರತಿದ್ದಿಲ್ಲ. ನಾ ಆಕಿ ಹೆಸರ ಹೇಳಿದ್ರ ಆಕೀನ ಚಾವಡಿಗೆ ಒಯ್ದು ಬಡೀತಿದ್ರು. ಸಣ್ಣ ಹುಡುಗಿ. ಮುಂದ ಆಕೀನೂ ಸತ್ಲು. ಸತ್ತಾಕಿ ಮ್ಯಾಲೆ ಹಾಕಿ ನಾ ಪಾರಾಗೂದು ಹೆಂಗ?" ಆಮೇಲೆ, "ಸಾಯೂದರೊಳಗ ಗಂಗವ್ವ ಒಮ್ಮೆ ನನ್ನ ಮನಿಗೆ ಬಂದು ನೀರ ಕುಡದ್ರ ಸಾಕಿತ್ತು" ಎಂದಳು. ಅಷ್ಟು ಹೇಳುವಾಗಲೂ ಅವಳ ದನಿ ಏರಲಿಲ್ಲ. ಒಂದೇ ಒಂದು ಹೆಸರು ಹೇಳಿದ್ದರೆ ಈ ಹೆಂಗಸು ಐವತ್ತು ವರ್ಷ ಫಿತೂರಿ ಎನಿಸಿಕೊಳ್ಳಬೇಕಿರಲಿಲ್ಲ.

ಇಲ್ಲಿಯವರೆಗಿನದು ನನಗೆ ಗೊತ್ತಿದ್ದ ಸಂಗತಿ. ಓದುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಏಕೆಂದರೆ ನನಗೆ ಗೊತ್ತಿರದೆ ಇದ್ದದ್ದು ಏನು ಎಂಬುದರ ಮೇಲೆಯೇ ಮುಂದಿನದೆಲ್ಲ ನಿಂತಿದೆ. ಸುದ್ದಿ ಹೇಗೆ ಹೋಗುತ್ತಿತ್ತೆಂದು ನನಗೆ ಇಬ್ಬರೂ ಹೇಳಿರಲಿಲ್ಲ. ಯಾರ ಮೂಲಕ ಹೋಯಿತೆಂದೂ ಹೇಳಿರಲಿಲ್ಲ.

ಮರುವರ್ಷದ ಶ್ರಾವಣ. ಪಂಚಮಿ ಮುಗಿದು ಕೆಲವು ದಿನಗಳಾಗಿದ್ದವು. ತವರಿಗೆ ಹೋದ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ತಿರುಗಿ ಬರುತ್ತಿದ್ದರು. ನಮ್ಮ ಕೆಲಸದವರಿಗೆ ಇದು ತಲೆನೋವಿನ ಕಾಲ. ಯಾವ ಬಸುರಿ ಯಾವ ಊರಲ್ಲಿದ್ದಾಳೆ, ಸೂಜಿ ಮಾಡಿಸಿಕೊಂಡಿದ್ದಾಳೋ ಇಲ್ಲವೋ ಒಂದೂ ತಿಳಿಯುವುದಿಲ್ಲ. ಮಹಾದೇವಿಗೆ ಎರಡನೆಯ ಸೂಜಿ ಮಾಡುವುದಿತ್ತು. ಔಷಧದ ಡಬ್ಬಿ ಹಿಡಿದು ಮುಂಜಾನೆಯ ಚಹಾ ಆದ ಮೇಲೆ ಗಂಗವ್ವನ ಮನೆಯ ಕಡೆ ಹೊರಟೆ. ಬಿಸಿಲು ಚೆನ್ನಾಗಿತ್ತು. ಹೊಟ್ಟೆ ತುಂಬ ಉಪ್ಪಿಟ್ಟು ತಿಂದಿದ್ದೆ. ಜ್ವರವಿರಲಿಲ್ಲ, ನಿದ್ದೆಗೆಟ್ಟಿರಲಿಲ್ಲ. ಕಣ್ಣಿಗೆ ಆಗ ಕನ್ನಡಕವೂ ಬಂದಿರಲಿಲ್ಲ.

ಊರ ಬದಿಗೆ ಒಂದು ಹಳೆಯ ಬಾವಿಯಿದೆ. ಬೋರಿಂಗು ಬಂದ ಮೇಲೆ ಅಲ್ಲಿ ನೀರಿಗೆ ಹೋಗುವವರು ಕಡಿಮೆ. ಆ ದಿನ ಬಾವಿಯ ಕಟ್ಟೆಯ ಹತ್ತಿರ ಒಬ್ಬ ಹುಡುಗಿ ನಿಂತಿದ್ದಳು. ಹದಿನಾರು ಹದಿನೇಳರ ಪ್ರಾಯ. ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಕಂಕುಳಲ್ಲಿ ತಾಮ್ರದ ಕೊಡ. ಪ್ಲಾಸ್ಟಿಕ್ ಕೊಡದ ಕಾಲದಲ್ಲಿ ತಾಮ್ರದ ಕೊಡ ಹಿಡಿದಿದ್ದಾಳೆಂದರೆ ಅನುಕೂಲಸ್ಥರ ಮನೆಯವಳೇ ಎಂದುಕೊಂಡೆ. ಯಾರದೋ ಹೊಸ ಸೊಸೆ, ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ ಎಂದೂ ಅನ್ನಿಸಿತು. ಅವಳು ಎಡಗೈಯನ್ನು ಮುಂದೆ ಚಾಚಿಕೊಂಡು ನಿಂತಿದ್ದಳು, ಹೊಸ ಬಳೆ ಇಡಿಸಿಕೊಂಡ ಸಣ್ಣ ಮಕ್ಕಳು ಬಂದವರಿಗೆಲ್ಲ ತೋರಿಸುತ್ತಾರಲ್ಲ, ಹಾಗೆ. ಕೈತುಂಬ ಹಸಿರು ಗಾಜಿನ ಬಳೆಗಳು, ನಡುವೆ ಒಂದೇ ಒಂದು ಕೆಂಪು ಬಳೆ.

"ಬಳಿ ಚಂದ ಅದಾವವಾ. ಯಾರ ಮನಿಯಾಕಿ ನೀ?" ಎಂದೆ.

ಅವಳು ಗಂಗವ್ವನ ಓಣಿಯ ಕಡೆ ಮುಖ ತಿರುಗಿಸಿದಳು. "ಪಂಚಮಿಗೆ ಹೋಗಿದ್ನಿರಿ. ಈಗ ಬಂದೇನಿ" ಎಂದಳು.

ದನಿ ಸಣ್ಣದು, ಆದರೆ ಸ್ಪಷ್ಟವಾಗಿತ್ತು. "ಛಲೋ ಆತು. ನೀರ ತಗೊಂಡ ಮನಿಗೆ ಬಾ, ನಾನೂ ಅಲ್ಲೇ ಇರತೇನಿ, ನಿನಗೂ ಸೂಜಿ ಐತೇನೋ ನೋಡೂಣು" ಎಂದು ಮುಂದೆ ನಡೆದೆ. ತಿರುಗಿ ನೋಡಲಿಲ್ಲ. ತಿರುಗಿ ನೋಡುವಂಥದ್ದೇನೂ ಅಲ್ಲಿರಲಿಲ್ಲ.

ಗಂಗವ್ವ ಪಡಸಾಲೆಯಲ್ಲಿ ಕುಳಿತು ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದಳು. ಮಹಾದೇವಿಗೆ ಸೂಜಿ ಮಾಡಿ, "ನಿಮ್ಮನಿಗೆ ಬಂದ ಆ ಹೊಸ ಹುಡುಗಿ ಯಾರವಾ?" ಎಂದು ಕೇಳಿದೆ.

"ಯಾವ ಹುಡುಗಿರಿ? ಈ ಮನಿಗೆ ಇರೂ ಸೊಸಿ ನಾ ಒಬ್ಬಾಕಿ" ಎಂದು ಮಹಾದೇವಿ ನಕ್ಕಳು.

"ಬಾವಿ ಕಡೆ ನಿಂತಿದ್ಲಲ್ಲ, ತಾಮ್ರದ ಕೊಡ ಹಿಡಕೊಂಡು. ನಿಮ್ಮನಿ ಕಡೇನ ತೋರಿಸಿದ್ಲು. ಕೈತುಂಬ ಹಸರ ಬಳಿ ಇಟ್ಟು ನಡುವ ಒಂದ ಕೆಂಪಂದು ಇಡಿಸಿಕೊಂಡಾಳ. ಇದ್ಯಾವ ಹೊಸಾ ಫ್ಯಾಶನ್ನೋ ಏನೋ."

ಮೊರ ನಿಂತಿತು. ಗಂಗವ್ವ ತಲೆಯೆತ್ತಿ ನನ್ನನ್ನು ನೋಡಿದಳು. ಆಮೇಲೆ ಒಂದರ ಹಿಂದೊಂದು ಕೇಳತೊಡಗಿದಳು. ಪೊಲೀಸರು ಕೇಳಿದ ಹಾಗಿತ್ತು. ಯಾವ ಕೈ? ಎಡಗೈ. ಕೆಂಪು ಬಳೆ ನಡುವೆಯೇ ಇತ್ತೇನು, ಅಂಚಿಗಿತ್ತೇನು? ನಡುವೆ. ಒಂದೇನೋ, ಎರಡೋ? ಒಂದೇ. ಇದನ್ನು ನಿಮಗೆ ಹುಸೇನಬಿ ಹೇಳಿಕೊಟ್ಟಳೇನು? ಏನನ್ನು ಹೇಳಿಕೊಡುವುದು ಎಂದು ನಾನೇ ತಿರುಗಿ ಕೇಳಿದೆ. ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಸುಳ್ಳು ಹುಡುಕುತ್ತಿದ್ದಳೆಂದು ಕಾಣುತ್ತದೆ.

"ಆ ಹುಡುಗಿ ಏನರೆ ಅಂದ್ಲೇನ್ರಿ?"

"ಪಂಚಮಿಗೆ ಹೋಗಿದ್ನಿ, ಈಗ ಬಂದೇನಿ ಅಂದ್ಲು."

ಗಂಗವ್ವನ ತೊಡೆಯ ಮೇಲಿನ ಮೊರ ಜಾರಿ ಕಾಳೆಲ್ಲ ಚೆಲ್ಲಿತು. ಅವಳು ಅದನ್ನು ನೋಡಲಿಲ್ಲ. "ಪಾರವ್ವ" ಎಂದಳು. ಗೋಡೆಗೆ ಒರಗಿ, "ಗದ್ದದ ಮ್ಯಾಲೆ ಹಚ್ಚಿಬಟ್ಟ ಇತ್ತೇನ್ರಿ?" ಎಂದು ಕೇಳಿದಳು. ನಾನು ನೋಡಿರಲಿಲ್ಲ. ಈಗ ಎಷ್ಟು ನೆನಪು ಮಾಡಿಕೊಂಡರೂ ಆ ಹುಡುಗಿಯ ಗದ್ದ ನೆನಪಿಗೆ ಬರುವುದಿಲ್ಲ. ಕೈಯೊಂದೇ ಕಾಣುತ್ತದೆ.

ಮಹಾದೇವಿಯೂ ನಾನೂ ಬಾವಿಯ ಹತ್ತಿರ ಹೋಗಿ ನೋಡಿದೆವು. ಯಾರೂ ಇರಲಿಲ್ಲ. ಕಟ್ಟೆಯ ಕಲ್ಲು ಒಣಗಿತ್ತು. ಅವತ್ತೇ ಊರಿನ ಮನೆಮನೆಗೆ ಹೋಗಿ ಕೇಳಿದೆ. ಕೇಳುವುದು ನನ್ನ ಕೆಲಸವೇ ಆದ್ದರಿಂದ ಯಾರಿಗೂ ಸಂಶಯ ಬರಲಿಲ್ಲ. ಅಂಥ ಹುಡುಗಿ ಯಾರ ಮನೆಗೂ ಬಂದಿರಲಿಲ್ಲ.

ತಿರುಗಿ ಬಂದಾಗ ಗಂಗವ್ವ ತಾನೇ ಹೇಳಿದಳು. ಹಸಿರು ಬಳೆಗಳ ನಡುವೆ ಒಂದು ಕೆಂಪು ಬಳೆ ಎಂದರೆ, ನಾಳೆ ನಿಮ್ಮ ಊರಿಗೆ ಪೊಲೀಸರು ಬರುತ್ತಾರೆ, ಹುಡುಗರು ಹೊಳೆ ದಾಟಬಾರದು ಎಂದು. ಗಂಗವ್ವನ ಮೇಲೆ ಎಲ್ಲರ ಕಣ್ಣಿದ್ದದ್ದರಿಂದ ಹುಸೇನಬಿ ಅವಳಿಗೆ ಬಳೆ ಇಡುತ್ತಲೇ ಇರಲಿಲ್ಲ. ಸಂತೆಗೆ ಬಂದ ಊರಿನ ಯಾವಳಾದರೊಬ್ಬಳ ಕೈಗೆ ಆ ಕೆಂಪು ಬಳೆ ಏರಿಸಿಬಿಡುತ್ತಿದ್ದಳು. ಇಟ್ಟುಕೊಂಡವಳಿಗೆ ಅದು ಚಂದಕ್ಕೆ ಇಟ್ಟದ್ದು. ಸಂಜೆ ಬಾವಿಗೆ ಎಲ್ಲರೂ ನೀರಿಗೆ ಬರುತ್ತಾರೆ. ಹಗ್ಗ ಎಳೆಯುವಾಗ ಎಲ್ಲರ ಕೈಯೂ ಕಾಣುತ್ತದೆ. ಗಂಗವ್ವ ನೋಡಿಕೊಂಡು ಮನೆಗೆ ಬರುತ್ತಿದ್ದಳು. ಯಾರೂ ಯಾರೊಡನೆಯೂ ಒಂದು ಮಾತಾಡುತ್ತಿರಲಿಲ್ಲ.

"ಆ ಪಂಚಮಿ ಸಂತೀಗೆ ಊರ ಹೆಂಗಸರೆಲ್ಲ ಹೋಗಿದ್ರು. ಬಾವ್ಯಾಗ ಎಲ್ಲಾರ ಕೈನೂ ನೋಡಿದ್ನಿ, ಕೆಂಪಂದು ಇದ್ದಿಲ್ಲ. ಪಾರವ್ವ ನನ್ನ ನೆಗೆಣ್ಣಿ, ಆಕೀನೂ ನಮ್ಮ ಮಾವನ ಬಂಡ್ಯಾಗ ಸಂತಿಗೆ ಹೋಗಿದ್ಲು. ಆಕಿ ಅಣ್ಣ ಅಲ್ಲೇ ಬಂದು, ಪಂಚಮಿಗೆ ಕಳಸ್ರಿ ಅಂತ ಕೇಳಿ ಸಂತ್ಯಾಗಿಂದ ಹಂಗ ಕರಕೊಂಡ ಹ್ವಾದ. ಆಕಿ ಕೈ ನಾ ನೋಡ್ಲೇ ಇಲ್ಲರಿ. ನೋಡಬೇಕು ಅಂತ ನನ್ನ ತಲ್ಯಾಗೂ ಬರಲಿಲ್ಲ. ಆಕಿ ತಿರುಗಿ ಬರೂದರಾಗ ನನ್ನ ಕೈಯಾಗ ಬಳಿ ಇದ್ದಿಲ್ಲ. ಯಾರ ಕೈ ನೋಡ್ಲಿ ನಾನು?"

ಪಾರವ್ವ ಮರುವರ್ಷ ಬಾಣಂತನದಲ್ಲಿ ತೀರಿಕೊಂಡಳಂತೆ. ಪಂಚಮಿಗೆ ತಂಗಿಯನ್ನು ಕರೆಯಲು ಅಣ್ಣ ಬರುವುದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ನಡೆಯುವ ಮಾತು. ಹುಸೇನಬಿ ಎಲ್ಲವನ್ನೂ ಲೆಕ್ಕಹಾಕಿದ್ದವಳು, ಇದೊಂದನ್ನು ಬಿಟ್ಟಿದ್ದಳು. ಗಂಗವ್ವನಿಗೂ ಹೊಳೆಯಲಿಲ್ಲ. ಅಷ್ಟು ಸಾದಾ ಸಂಗತಿ.

ಹುಸೇನಬಿಯ ಹತ್ತಿರ ನಾಳೆ ಹೋಗೋಣ ಎಂದರೆ ಗಂಗವ್ವ ಕೇಳಲಿಲ್ಲ. "ನಾಳಿ ಅಂದ್ರ ನನಗ ಧೈರ್ಯ ಸಾಲಂಗಿಲ್ಲ. ಇವತ್ತ ನಡೀರಿ" ಎಂದು ಸೀರೆ ಬದಲಿಸಿದಳು. ಸವದತ್ತಿಯಲ್ಲಿ ಬಸ್ಸು ಬದಲಿಸಿ ಬೈಲಹೊಂಗಲ ಮುಟ್ಟುವಾಗ ಹೊತ್ತು ಇಳಿಯುತ್ತಿತ್ತು. ದಾರಿಯುದ್ದಕ್ಕೂ ಆಕೆ ಕಿಟಕಿಯ ಹೊರಗೆ ನೋಡುತ್ತಿದ್ದಳು. ನನಗೆ ಒಳಗೊಳಗೇ ಹೆದರಿಕೆ. ಮುದುಕಿಯರು ಜಗಳವಾಡಿದರೆ ಬಿಡಿಸುವವಳು ನಾನೇ ಆಗಬೇಕು.

ಹುಸೇನಬಿ ಅಂಗಳದಲ್ಲಿ ಹೊರಸಿನ ಮೇಲೆ ಕಾಲು ಚಾಚಿ ಕುಳಿತಿದ್ದಳು. ಕಣ್ಣು ಕಿರಿದು ಮಾಡಿ, "ಯಾರಿಕಿ ಬಾಯಾರ?" ಎಂದಳು.

"ನಾ ಗಂಗವ್ವ."

ಹುಸೇನಬಿ ಸೆರಗು ಸರಿಮಾಡಿಕೊಂಡಳು. ಕೂಡು ಎನ್ನಲಿಲ್ಲ. ಗಂಗವ್ವನೇ ಹೊರಸಿನ ತುದಿಗೆ ಕುಳಿತು, "ಆ ಕೆಂಪ ಬಳಿ ಪಾರವ್ವನ ಕೈಗೆ ಇಟ್ಟಿದ್ಯೇನ?" ಎಂದು ಕೇಳಿದಳು.

ಹುಸೇನಬಿ ಮೊದಲು ಮಾಡಿದ್ದೇನು ಗೊತ್ತೇ? ಸುತ್ತ ನೋಡಿದಳು, ಯಾರಾದರೂ ಕೇಳಿಸಿಕೊಂಡರೇನೋ ಎಂದು. ಫೌಜದಾರ ಸತ್ತು, ಬ್ರಿಟಿಷರು ಹೋಗಿ ಯಾವ ಕಾಲವಾಗಿತ್ತೋ. ಅವಳಿಗೆ ಆ ರೂಢಿ ಹೋಗಿರಲಿಲ್ಲ. "ಆ ಹೆಸರ ನಾ ಯಾರ ಮುಂದೂ ತಗದಿಲ್ಲ. ನಿನಗ ಯಾರು ಹೇಳಿದ್ರು?" ಎಂದಳು.

"ಆಕೀನ ಬಂದಿದ್ಲು. ಈ ಬಾಯಾರಿಗೆ ಕೈ ತೋರಿಸ್ಯಾಳ."

ನಾನು ಕಂಡದ್ದನ್ನು ಕಂಡಷ್ಟೇ ಹೇಳಿದೆ. ಪಂಚಮಿಗೆ ಸಂತೆಯಿಂದಲೇ ಪಾರವ್ವ ತವರಿಗೆ ಹೋದದ್ದನ್ನು ಗಂಗವ್ವ ಹೇಳಿದಳು. ಆ ಸುದ್ದಿ ಹುಸೇನಬಿಗೆ ಅದೇ ಮೊದಲು. ತಾನು ಕಳಿಸಿದ್ದು ಯಾಕೆ ಮುಟ್ಟಲಿಲ್ಲವೆಂದು ಅವಳಿಗೂ ಅಷ್ಟು ವರ್ಷ ಗೊತ್ತಿರಲಿಲ್ಲ. "ನಿಮ್ಮನಿ ಬಂಡಿ ಹತ್ತೂತನಕ ನೋ‌ಡಬೇಕಿತ್ತು ನಾನು. ಸಂತ್ಯಾಗ ಗಿರಾಕಿ ಬಾಳ ಇದ್ರು" ಎಂದಳು.

ಆಮೇಲೆ ಹುಸೇನಬಿ ಗಂಗವ್ವನ ಕಡೆ ತಿರುಗಿದಳು. ಸಿಟ್ಟಿಲ್ಲದೆ, ಬಹಳ ದಣಿದವರು ಮಾತಾಡುವಂತೆ ಹೇಳಿದಳು. "ಗಂಗವ್ವ, ನಾ ಕಳಿಸಿದ್ನಿ ಅಂತ ಆವತ್ತ ನಿಮ್ಮ ಅಂಗಳದಾಗ ನಿಂತು ಹೇಳಿದ್ನಿ. ಬದುಕಿದ್ದಾಕಿ ಮಾತು ನೀ ನಂಬಲಿಲ್ಲ. ಸತ್ತಾಕಿ ಬಂದು ತೋರಿಸಿದ್ದು ನಂಬಿದಿ."

ಗಂಗವ್ವ ತಲೆ ತಗ್ಗಿಸಿದಳು. "ನಿನ್ನ ನಂಬಿದ್ರ ನಾ ಬದುಕಾಕ ಆಗತಿರಲಿಲ್ಲವಾ. ಅವರನ್ನ ಊಟಕ್ಕ ಬಾ ಅಂತ ಕರೆಸಿದಾಕಿ ನಾನು. ನೀ ಫಿತೂರಿ ಅಲ್ಲಂದ್ರ ಅವರನ್ನ ಕೊಂದಾಕಿ ನಾನ ಆಗತಿದ್ನಿ."

ಹುಸೇನಬಿ ಗಂಗವ್ವನ ಎಡಗೈ ತೆಗೆದುಕೊಂಡು ತನ್ನ ಮಡಿಲಲ್ಲಿಟ್ಟುಕೊಂಡಳು. ಬಳೆ ಏರಿಸುವ ಮೊದಲು ಬಳೆಗಾರರು ಮಾಡುವಂತೆ ಹೆಬ್ಬೆರಳ ಬುಡವನ್ನು ಮೆಲ್ಲಗೆ ಹಿಚುಕಿದಳು. ನಮ್ಮ ಕಡೆ ಗಂಡ ಸತ್ತವಳ ಕೈಗೆ ಬಳೆ ಇಡುವ ಪದ್ಧತಿಯಿಲ್ಲ. ಅವಳು ಬಳೆ ತರಿಸಲೂ ಇಲ್ಲ. ಸುಮ್ಮನೆ ಹಿಚುಕುತ್ತ ಕುಳಿತಳು. ಗಂಗವ್ವ ಅಳತೊಡಗಿದಳು. ನಾನೂ ಅತ್ತೆ, ಅದನ್ನು ಮುಚ್ಚಿಡುವುದಿಲ್ಲ. ಸೊಸೆ ನೀರು ತಂದುಕೊಟ್ಟಾಗ ಗಂಗವ್ವ ತಂಬಿಗೆ ಬರಿದಾಗುವವರೆಗೂ ಕುಡಿದಳು.

ಈಗ ನನ್ನ ಪಾಡಿಗೆ ಬರುತ್ತೇನೆ. ಆ ಮೇಲೆ ಇದನ್ನು ಎಷ್ಟು ಸಲ ತಿರುಗಿಸಿ ಮುರುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ. ಯಾರದೋ ಮನೆಗೆ ಬಂದ ನೆಂಟರ ಹುಡುಗಿ ಇರಬಹುದು, ನಾನು ಕೇಳುವಷ್ಟರಲ್ಲಿ ಬಸ್ಸು ಹತ್ತಿರಬಹುದು. ಪಂಚಮಿಗೆ ಹೋಗಿದ್ದೆ, ಈಗ ಬಂದೆ ಎಂಬ ಮಾತನ್ನು ಆ ತಿಂಗಳಲ್ಲಿ ನಮ್ಮ ಸೀಮೆಯ ಹೆಣ್ಣುಮಕ್ಕಳು ಎಲ್ಲರೂ ಆಡುತ್ತಾರೆ. ಹಸಿರು ಬಳೆ ಸಾಲದೆ ಬಂದಾಗ ಅಂಗಡಿಯವರು ಒಂದು ಕೆಂಪು ಸೇರಿಸುವುದೂ ಉಂಟು. ಇಲ್ಲವೇ ಹುಣ್ಣು ತೊಳೆಯುವಾಗ ಹುಸೇನಬಿಯ ಬಾಯಿಂದ ಎಂದೋ ಒಂದು ಮಾತು ಜಾರಿ, ನನ್ನ ಕಿವಿಗೆ ಬಿದ್ದೂ ಬೀಳದಂತಾಗಿ, ಮನಸ್ಸಿನೊಳಗೆ ಕುಳಿತಿತ್ತೇ? ಹಾಗಿದ್ದರೆ ಪಾರವ್ವ ತವರಿಗೆ ಹೋದದ್ದು ನನಗೆ ಹೇಗೆ ತಿಳಿಯಿತು? ಅದು ಹುಸೇನಬಿಗೇ ಗೊತ್ತಿರಲಿಲ್ಲ. ಒಂದೊಂದಾಗಿ ನೋಡಿದರೆ ಎಲ್ಲಕ್ಕೂ ಕಾರಣ ಹೇಳಬಲ್ಲೆ. ಎಲ್ಲವನ್ನೂ ಒಟ್ಟಿಗಿಟ್ಟರೆ ನನ್ನ ಬುದ್ಧಿ ಕೆಲಸ ಮಾಡುವುದಿಲ್ಲ. ಈಗ ದೆವ್ವ ಕಂಡೆ ಎಂದು ಬಂದವರಿಗೆ ಗುಳಿಗೆಯನ್ನೇನೋ ಕೊಡುತ್ತೇನೆ, ಆದರೆ ಅವರು ಹೇಳುವುದನ್ನು ಮೊದಲು ಪೂರ್ತಿ ಕೇಳುತ್ತೇನೆ.

ಆ ರಾತ್ರಿ ಗಂಗವ್ವ ಹುಸೇನಬಿಯ ಮನೆಯಲ್ಲೇ ಉಳಿದಳು. ಬೆಳಿಗ್ಗೆ ಅವಳನ್ನು ಬಸ್ಸಿಗೆ ಕರೆದೊಯ್ಯಲು ಹೋದಾಗ ಇಬ್ಬರೂ ಚಹಾ ಕುಡಿಯುತ್ತಿದ್ದರು. ಹುಸೇನಬಿ ನನ್ನನ್ನು ನೋಡಿ, "ಬಾಯಾರ, ರಾತ್ರಿಯೆಲ್ಲ ಒಂದ ವಿಚಾರ ಮಾಡಾಕತ್ತೇನಿ. ಆ ಹುಡುಗಿ ನಿಮಗ್ಯಾಕ ಕೈ ತೋರಿಸಿದ್ಲು? ನೀವು ಆಕಿಗೆ ಯಾರೂ ಅಲ್ಲ. ಗಂಗವ್ವಗ ತೋರಿಸಬೇಕಿತ್ತಲ್ಲ" ಎಂದಳು.

ಗಂಗವ್ವ ಚಹಾದ ಬಸಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಪ್ರತಿ ಪಂಚಮಿಗೂ ಬಂದು ನಿಂತಾಳೋ ಏನೋ" ಎಂದಳು. "ಅವರನ್ನ ಹಿಡಕೊಂಡ ಹ್ವಾದ ಮ್ಯಾಲೆ ನಾ ಆ ಬಾವಿಗೆ ಹೋಗೇ ಇಲ್ಲ."